ಬಾಲವಿಲ್ಲದ ದಾಯಾದಿಗಳು

ಮಂಗನಿಂದ ಮಾನವ ಆದ ಅನ್ನುವುದು ನಿಜವಾದರೆ ಮಂಗಗಳು ಇನ್ನೂ ಯಾಕೆ ಉಳಿದಿವೆ? ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಷ್ಟು ಸಲ ಬಂದ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರಲ್ಲಿ ಹೈಸ್ಕೂಲು ಮಕ್ಕಳಿದ್ದಾರೆ, ನಿವೃತ್ತ ಮೇಷ್ಟರಿದ್ದಾರೆ, ಈ ಒಂದು ಪ್ರಶ್ನೆಯಿಂದ ವಿಕಾಸವಾದ ಬಿದ್ದೇಹೋಯಿತು ಎಂಬ ಗೆಲುವಿನಲ್ಲಿ ಬರೆಯುವವರೂ ಇದ್ದಾರೆ. ಪ್ರಶ್ನೆ ಕೇಳುವಂಥದ್ದೇ, ಆದರೆ ಅದರ ಮೊದಲ ಅರ್ಧದಲ್ಲೇ ತಪ್ಪಿದೆ. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ನಮ್ಮ ಕೈಯ ಬಾಳೆಹಣ್ಣು ಕಸಿಯುವ ಮಂಗನಿಂದ ಮನುಷ್ಯ ಹುಟ್ಟಿದ ಎಂದು ಡಾರ್ವಿನ್ ಹೇಳಲಿಲ್ಲ. ಆಮೇಲೆ ಬಂದ ಜೀವವಿಜ್ಞಾನಿಗಳೂ ಹೇಳಿಲ್ಲ.

ನಮ್ಮ ಊರುಗಳ ಹಳೆಯ ಮನೆತನಗಳನ್ನು ನೆನೆಸಿಕೊಳ್ಳಿ. ಮುತ್ತಜ್ಜ ಒಬ್ಬನೇ. ಅವನ ಮಕ್ಕಳು ಪಾಲಾಗಿ ಬೇರೆಬೇರೆ ಊರು ಸೇರಿದರು. ಒಬ್ಬನ ಸಂತಾನ ಬಯಲುಸೀಮೆಯಲ್ಲಿ ರಾಗಿ ಬೆಳೆಯಿತು, ಇನ್ನೊಬ್ಬನ ಸಂತಾನ ಮಲೆನಾಡಿನಲ್ಲಿ ಅಡಿಕೆ ತೋಟ ಮಾಡಿತು. ನೀವು ಆ ಮುತ್ತಜ್ಜನ ವಂಶದವರು ಎಂದಮಾತ್ರಕ್ಕೆ ನಿಮ್ಮ ದಾಯಾದಿಗಳು ಇಲ್ಲವಾಗಬೇಕು ಎಂದು ಯಾರೂ ವಾದಿಸುವುದಿಲ್ಲ. ದಾಯಾದಿಯ ಹೊಟ್ಟೆಯಲ್ಲಿ ನೀವು ಹುಟ್ಟಿದಿರಿ ಎಂದೂ ಹೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಇರುವ ನಂಟು ಇಂಥದ್ದು. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಒಂದು ಪ್ರಾಣಿ ಇತ್ತು. ಅದು ಚಿಂಪಾಂಜಿಯೂ ಆಗಿರಲಿಲ್ಲ, ಮನುಷ್ಯನೂ ಆಗಿರಲಿಲ್ಲ. ಅದರ ಸಂತತಿ ಎರಡಾಗಿ ಒಡೆಯಿತು. ಒಂದು ಕವಲಿನ ತುದಿಯಲ್ಲಿ ಇವತ್ತು ಚಿಂಪಾಂಜಿ ಮತ್ತು ಬೊನೊಬೊಗಳಿವೆ, ಇನ್ನೊಂದರ ತುದಿಯಲ್ಲಿ ನಾವಿದ್ದೇವೆ. ಅವೂ ನಮ್ಮಷ್ಟೇ ಕಾಲ ವಿಕಾಸಗೊಂಡು ತಮ್ಮ ಕಾಡಿಗೆ, ತಮ್ಮ ಬದುಕಿಗೆ ಒಗ್ಗಿಕೊಂಡಿವೆ. ಹಾಗಾಗಿ ಇಂದಿನ ಚಿಂಪಾಂಜಿ ಮುಂದೊಂದು ದಿನ ಮನುಷ್ಯನಾದೀತೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅದು ನಮ್ಮ ದಾರಿಯಲ್ಲಿ ಹಿಂದೆ ಬಿದ್ದ ಪ್ರಾಣಿಯಲ್ಲ, ಅದರ ದಾರಿಯೇ ಬೇರೆ.

ತಪ್ಪು ತಿಳಿವಳಿಕೆ ಇಷ್ಟು ಗಟ್ಟಿಯಾಗಿ ಬೇರೂರಲು ಒಂದು ಚಿತ್ರವೂ ಕಾರಣ. ಬಗ್ಗಿದ ವಾನರ, ಅದರ ಮುಂದೆ ಅರ್ಧ ನೆಟ್ಟಗಾದದ್ದು, ಕೊನೆಯಲ್ಲಿ ಎದೆಯುಬ್ಬಿಸಿ ನಡೆಯುವ ಮನುಷ್ಯ. ಈ ಸಾಲನ್ನು ಟೀ ಶರ್ಟಿನ ಮೇಲೂ ಜಾಹೀರಾತಿನಲ್ಲೂ ನೀವು ನೋಡಿಯೇ ಇರುತ್ತೀರಿ. 1965ರಲ್ಲಿ ಅಮೆರಿಕದ ಟೈಮ್-ಲೈಫ್ ಪ್ರಕಟಿಸಿದ ‘ಅರ್ಲಿ ಮ್ಯಾನ್’ ಎಂಬ ಪುಸ್ತಕಕ್ಕಾಗಿ ರುಡಾಲ್ಫ್ ಜಾಲಿಂಗರ್ ಎಂಬ ಕಲಾವಿದ ಬರೆದ ಚಿತ್ರದಿಂದ ಬಂದ ಸಾಲು ಅದು. ನೋಡಿದವರಿಗೆ ಒಂದು ಪ್ರಾಣಿ ಇನ್ನೊಂದಾಗಿ, ಅದು ಮತ್ತೊಂದಾಗಿ, ಮನುಷ್ಯನಲ್ಲಿಗೆ ಬಂದು ನಿಂತಂತೆ ಕಾಣುತ್ತದೆ. ನಿಜದಲ್ಲಿ ಅಂಥ ಸರದಿ ಇರಲೇ ಇಲ್ಲ. ಸುಮಾರು 60 ಸಾವಿರ ವರ್ಷಗಳ ಹಿಂದೆ ಕೂಡ ಭೂಮಿಯ ಮೇಲೆ ನಮ್ಮ ಜೊತೆಗೆ ಯುರೋಪಿನಲ್ಲಿ ನಿಯಾಂಡರ್ತಲ್ ಮಾನವರು, ಏಷ್ಯಾದಲ್ಲಿ ಡೆನಿಸೋವನ್ ಮಾನವರು, ಇಂಡೊನೇಷ್ಯಾದ ಫ್ಲೋರಿಸ್ ದ್ವೀಪದಲ್ಲಿ ಮೂರೂವರೆ ಅಡಿ ಎತ್ತರದ ಕುಳ್ಳ ಮಾನವರು ಬದುಕಿದ್ದರು. ಇವತ್ತು ನಾವೊಬ್ಬರೇ ಉಳಿದಿರುವುದರಿಂದ ನಾವೇ ಕೊನೆಯ ಗುರಿ ಎಂದು ಅನಿಸುತ್ತದೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ನಮ್ಮ ಸುತ್ತ ಕಾಣುವ ಕೋತಿ, ಮುಸಿಯ, ಅಘನಾಶಿನಿ ಮತ್ತು ಶರಾವತಿ ಕಣಿವೆಯ ಸಿಂಗಳೀಕ ಇವೆಲ್ಲ ಬಾಲವಿರುವ ಮಂಗಗಳು. ಇವುಗಳ ಕವಲು ನಮ್ಮಿಂದ ಬೇರೆಯಾಗಿ ಎರಡೂವರೆಯಿಂದ ಮೂರು ಕೋಟಿ ವರ್ಷಗಳಾದವು. ತುಮಕೂರು ಕಡೆಯ ಕುರುಚಲು ಕಾಡಿನ ಕಾಡುಪಾಪ ಇನ್ನೂ ದೂರದ ನಂಟು, ಆ ಕವಲು ಒಡೆದು ಆರು ಕೋಟಿ ವರ್ಷ ದಾಟಿದೆ. ನಮಗೆ ನಿಜವಾಗಿ ಹತ್ತಿರದವು ಬಾಲವಿಲ್ಲದ ವಾನರಗಳು: ಆಫ್ರಿಕದ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಆಗ್ನೇಯ ಏಷ್ಯಾದ ಒರಾಂಗುಟಾನ್, ಮತ್ತು ಗಿಬ್ಬನ್‌ಗಳು. ಭಾರತದ ಕಾಡಿನಲ್ಲಿರುವ ಬಾಲವಿಲ್ಲದ ವಾನರ ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ. ಕರ್ನಾಟಕದ ಕಾಡಿನಲ್ಲಿ ಒಂದೂ ಇಲ್ಲ. ನಮ್ಮ ಜನಕ್ಕೆ ಮಂಗ ಅಂದರೆ ಬಾಲವಿರುವ ಮಂಗವೇ ಕಣ್ಣಮುಂದೆ ಬರುವುದು ಸಹಜ. ಇದರಿಂದ ನಾನು ಹುಟ್ಟಿದೆನೇ ಎಂಬ ಮುಜುಗರ ಹುಟ್ಟುವುದೂ ಅಲ್ಲಿಂದಲೇ.

ಕನ್ನಡಿಗರಿಗೆ ಒಂದು ಅನುಕೂಲವಿದೆ. ಮೈಸೂರು ಮೃಗಾಲಯದಲ್ಲಿ ಚಿಂಪಾಂಜಿ, ಒರಾಂಗುಟಾನ್, ಗೊರಿಲ್ಲಾ ಮೂರನ್ನೂ ನೋಡಬಹುದು. ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು. ಅಲ್ಲಿಗೆ ಹೋದಾಗಲೆಲ್ಲ ನಾನು ಪ್ರಾಣಿಗಳ ಜೊತೆಗೆ ನೋಡಲು ಬಂದ ಜನರನ್ನೂ ಗಮನಿಸುತ್ತೇನೆ. ಕೋತಿಯ ಮುಂದೆ ಹಲ್ಲು ಕಿರಿದು ಕೂಗುವ ಮಕ್ಕಳು ಚಿಂಪಾಂಜಿಯ ಮುಂದೆ ತುಸು ಹೊತ್ತಿಗೆ ಸುಮ್ಮನಾಗುತ್ತಾರೆ. ಅದು ಗಲ್ಲಕ್ಕೆ ಕೈಕೊಟ್ಟು ಕೂರುವ ರೀತಿ, ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ತಿರುವಿ ನೋಡುವ ರೀತಿ ಮನೆಯವರ ಪೈಕಿ ಯಾರನ್ನೋ ನೆನಪಿಸುತ್ತದೆ. ಮುಂದಿನ ಸಲ ಹೋದಾಗ ಅವುಗಳ ಭುಜ ನೋಡಿ. ತೋಳನ್ನು ತಲೆಯ ಮೇಲೆತ್ತಿ ಸುತ್ತಲೂ ತಿರುಗಿಸಬಲ್ಲ ಕೀಲು, ಅಗಲವಾದ ಎದೆ, ಬಾಲವಿಲ್ಲದ ಬೆನ್ನು. ಕ್ರಿಕೆಟ್ಟಿನಲ್ಲಿ ಬೌಲರ್ ತೋಳು ಬೀಸುವುದು ಸಾಧ್ಯವಾಗಿರುವುದು ಕೊಂಬೆಗೆ ಜೋತು ಬೀಳುತ್ತಿದ್ದ ಆ ಹಳೆಯ ಪೂರ್ವಜರಿಂದ ಬಂದ ಭುಜದ ಬಲದಿಂದ. ಇದನ್ನು ಬರಿಯ ಹೋಲಿಕೆ ಎನ್ನುವವರು ಇದ್ದಾರೆ. ಹೋಲಿಕೆಯನ್ನು ಮಾತ್ರ ನಂಬಿದರೆ ಮೋಸಹೋಗಬಹುದು ಎಂಬುದು ನಿಜವೇ. ಅದಕ್ಕೆ ನಮ್ಮ ದೇಶದ ಮಣ್ಣಿನಲ್ಲೇ ಸಿಕ್ಕ ಒಂದು ದೊಡ್ಡ ಉದಾಹರಣೆಯಿದೆ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಿ. ಎಡ್ವರ್ಡ್ ಲೂಯಿಸ್ ಎಂಬ ಯುವ ವಿಜ್ಞಾನಿ ಶಿವಾಲಿಕ್ ಬೆಟ್ಟಗಳಲ್ಲಿ, ಇಂದಿನ ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಹರಿತಲ್ಯಾಂಗರ್ ಬಳಿ ಪಳೆಯುಳಿಕೆ ಹುಡುಕುತ್ತಿದ್ದರು. ಮೇಲ್ದವಡೆಯ ಒಂದು ತುಂಡು ಸಿಕ್ಕಿತು, ಅದರಲ್ಲಿ ಕೆಲವು ಹಲ್ಲುಗಳು. ಕೋರೆಹಲ್ಲಿನ ಜಾಗ ಚಿಕ್ಕದಾಗಿತ್ತು, ಮುಖ ಮುಂದೆ ಚಾಚಿದಂತೆ ಇರಲಿಲ್ಲ. ಇದು ಮನುಷ್ಯನ ಕಡೆಗೆ ಬರುವ ಪ್ರಾಣಿ ಎಂದು ಲೂಯಿಸ್ ಅವರಿಗೆ ಅನಿಸಿತು. ಅವರು ಅದಕ್ಕೆ ಇಟ್ಟ ಹೆಸರು ರಾಮಾಪಿಥೆಕಸ್, ಅಂದರೆ ರಾಮನ ವಾನರ. ಅದೇ ಬೆಟ್ಟಗಳಿಂದ ಬಂದ ಬೇರೆ ತುಂಡುಗಳಿಗೆ ಶಿವಾಪಿಥೆಕಸ್, ಬ್ರಹ್ಮಾಪಿಥೆಕಸ್, ಸುಗ್ರೀವಾಪಿಥೆಕಸ್ ಎಂಬ ಹೆಸರುಗಳೂ ಬಿದ್ದವು. ಆಗ ಲೂಯಿಸ್ ಅವರ ಮಾತನ್ನು ಹೆಚ್ಚು ಜನ ಒಪ್ಪಲಿಲ್ಲ. 1961ರಲ್ಲಿ ಯೇಲ್‌ನ ಎಲ್ವಿನ್ ಸೈಮನ್ಸ್ ಆ ದವಡೆಯನ್ನು ಮತ್ತೆ ಪರೀಕ್ಷಿಸಿ, ಮನುಷ್ಯ ಕುಲದ ಅತಿ ಹಳೆಯ ಪೂರ್ವಜ ಇದೇ ಎಂದು ಬರೆದರು. ಕೆಲವೇ ವರ್ಷಗಳಲ್ಲಿ ಜಗತ್ತಿನ ಪಠ್ಯಪುಸ್ತಕಗಳೆಲ್ಲ ಅದನ್ನು ಒಪ್ಪಿಕೊಂಡವು. ಈ ಲೆಕ್ಕದಲ್ಲಿ ಮನುಷ್ಯರ ಕವಲು ವಾನರಗಳಿಂದ ಬೇರೆಯಾದದ್ದು 1.4 ಕೋಟಿ ವರ್ಷಗಳಿಗೂ ಹಿಂದೆ.

ನಾವು ಕಾಲೇಜಿನಲ್ಲಿದ್ದಾಗ ರಾಮಾಪಿಥೆಕಸ್ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗೆ ಎಲ್ಲರೂ ತಯಾರಾಗಿಯೇ ಹೋಗುತ್ತಿದ್ದೆವು. ಮಾನವಕುಲದ ಮೂಲ ಪುರುಷ ನಮ್ಮ ಹಿಮಾಲಯದ ತಪ್ಪಲಿನವನು, ಹೆಸರು ಬೇರೆ ರಾಮನದು! ತರಗತಿಯಲ್ಲಿ ಒಂದು ಹೆಮ್ಮೆ ಹರಡುತ್ತಿತ್ತು.

ಆದರೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿನ್ಸೆಂಟ್ ಸ್ಯಾರಿಚ್ ಮತ್ತು ಅಲನ್ ವಿಲ್ಸನ್ ಎಲುಬನ್ನು ಬದಿಗಿಟ್ಟು ರಕ್ತವನ್ನು ಕೈಗೆತ್ತಿಕೊಂಡಿದ್ದರು. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆ. ಮನುಷ್ಯನ ಅಲ್ಬುಮಿನ್ ಅನ್ನು ಮೊಲಕ್ಕೆ ಚುಚ್ಚಿದರೆ ಮೊಲದ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯವನ್ನು ಈಗ ಚಿಂಪಾಂಜಿಯ, ಗೊರಿಲ್ಲಾದ, ಬಾಲದ ಮಂಗದ ಅಲ್ಬುಮಿನ್ ಜೊತೆ ಬೆರೆಸಿ ನೋಡಿದರೆ, ನಮ್ಮದಕ್ಕೆ ಹತ್ತಿರವಿದ್ದಷ್ಟೂ ಪ್ರತಿಕ್ರಿಯೆ ಜೋರಾಗಿರುತ್ತದೆ, ದೂರವಾದಷ್ಟೂ ಮಂದವಾಗುತ್ತದೆ. ಪ್ರೋಟೀನ್ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಬದಲಾಗುತ್ತದೆ ಎಂದು ತೋರಿಸಿ, ಬಾಲದ ಮಂಗಗಳು ಬೇರೆಯಾದದ್ದು ಮೂರು ಕೋಟಿ ವರ್ಷದ ಹಿಂದೆ ಎಂಬುದನ್ನು ಅಳತೆಗೋಲು ಮಾಡಿಕೊಂಡು ಅವರು ಲೆಕ್ಕ ಹಾಕಿದರು. 1967ರಲ್ಲಿ ಪ್ರಕಟವಾದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮನುಷ್ಯ ಮತ್ತು ಆಫ್ರಿಕದ ವಾನರಗಳು ಬೇರೆಯಾದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದೆ. ಹಾಗಾದರೆ ಅದಕ್ಕಿಂತ ಎಷ್ಟೋ ಹಿಂದಿನ ರಾಮಾಪಿಥೆಕಸ್ ನಮ್ಮ ಕವಲಿಗೆ ಸೇರಿರಲು ಸಾಧ್ಯವೇ ಇಲ್ಲ.

ಎಲುಬಿನ ತಜ್ಞರು ಒಪ್ಪಲಿಲ್ಲ, ಹದಿನೈದು ವರ್ಷ ಜಗಳ ನಡೆಯಿತು. ಕೊನೆಗೆ ತೀರ್ಪು ಬಂದದ್ದು ಅದೇ ಶಿವಾಲಿಕ್ ಶಿಲೆಗಳಿಂದ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಡೇವಿಡ್ ಪಿಲ್ಬೀಮ್ ಅವರ ತಂಡಕ್ಕೆ ಶಿವಾಪಿಥೆಕಸ್‌ನ ಮುಖದ ಭಾಗವೇ ಸಿಕ್ಕಿತು. 1982ರಲ್ಲಿ ಅದರ ವಿವರ ಪ್ರಕಟವಾಯಿತು. ಒಳಗೆ ತಗ್ಗಿದ ಮುಖ, ಉದ್ದನೆಯ ಕಣ್ಣುಗೂಡು, ಪಕ್ಕದಲ್ಲಿ ಒರಾಂಗುಟಾನ್ ತಲೆಬುರುಡೆ ಇಟ್ಟರೆ ಮಕ್ಕಳೂ ನಂಟು ಹೇಳಬಲ್ಲರು. ರಾಮಾಪಿಥೆಕಸ್ ಬೇರೆ ಪ್ರಾಣಿಯೇ ಆಗಿರಲಿಲ್ಲ, ಶಿವಾಪಿಥೆಕಸ್ ಗುಂಪಿನದೇ ಸಣ್ಣ ದವಡೆಯದ್ದು. ಅದು ಒರಾಂಗುಟಾನ್ ಕವಲಿಗೆ ಸೇರಿದ್ದು. ರಾಮಾಪಿಥೆಕಸ್ ನಮ್ಮ ಪೂರ್ವಜ ಎಂದು ವರ್ಷಗಟ್ಟಲೆ ವಾದಿಸಿದ್ದ ಪಿಲ್ಬೀಮ್ ಅವರೇ ತಮ್ಮ ನಿಲುವನ್ನು ಕೈಬಿಟ್ಟರು. ವಿಜ್ಞಾನಿಯ ಬಗ್ಗೆ ನನಗೆ ಗೌರವ ಹುಟ್ಟುವುದು ಇಂಥ ಕಡೆ. ನಮ್ಮ ದೇಶದ ಪಠ್ಯಪುಸ್ತಕಗಳು ಮಾತ್ರ ಹಿಂದೆ ಬಿದ್ದವು. ರಾಮಾಪಿಥೆಕಸ್ ಹೆಚ್ಚು ಮನುಷ್ಯನಂತಿತ್ತು ಎಂಬ ಸಾಲು ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಜೀವವಿಜ್ಞಾನ ಪುಸ್ತಕದಲ್ಲಿ ಎಷ್ಟೋ ವರ್ಷ ಹಾಗೇ ಉಳಿದುಕೊಂಡಿತು. ಮಕ್ಕಳಿಗೆ ಆ ಸಾಲಿನ ಬದಲು ಈ ಇಡೀ ಜಗಳದ ಕಥೆಯನ್ನು ಕೊಟ್ಟಿದ್ದರೆ ವಿಜ್ಞಾನ ನಡೆಯುವ ಬಗೆಯೇ ಅವರಿಗೆ ತಿಳಿಯುತ್ತಿತ್ತು.

ಇವತ್ತು ನಾವು ಅಲ್ಬುಮಿನ್‌ಗೆ ನಿಲ್ಲಬೇಕಾಗಿಲ್ಲ, ಡಿಎನ್‌ಎಯನ್ನೇ ಅಕ್ಷರ ಅಕ್ಷರವಾಗಿ ಓದಬಹುದು. 2005ರಲ್ಲಿ ಚಿಂಪಾಂಜಿಯ ಜೀನೋಮ್ ಪ್ರಕಟವಾಯಿತು. ಸುಮಾರು 300 ಕೋಟಿ ಅಕ್ಷರಗಳಲ್ಲಿ, ಪಕ್ಕಪಕ್ಕ ಇಟ್ಟು ಹೋಲಿಸಬಹುದಾದ ಕಡೆಗಳಲ್ಲಿ, ಒಂಟಿ ಅಕ್ಷರದ ವ್ಯತ್ಯಾಸಗಳು ಸುಮಾರು 3.5 ಕೋಟಿ. ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಇದಲ್ಲದೆ ಅಲ್ಲಲ್ಲಿ ತುಂಡುಗಳೇ ಸೇರಿವೆ ಅಥವಾ ಬಿದ್ದುಹೋಗಿವೆ, ಅವನ್ನೂ ಎಣಿಸಿದರೆ ವ್ಯತ್ಯಾಸ ಹೆಚ್ಚುತ್ತದೆ. ಆದ್ದರಿಂದ ಶೇಕಡಾ 99 ಒಂದೇ ಎಂಬ ಮಾತನ್ನು ಮಂತ್ರದ ಹಾಗೆ ಹೇಳಬಾರದು. ಯಾವ ಲೆಕ್ಕ ಹಿಡಿದರೂ ಬದಲಾಗದ ಸಂಗತಿ ಬೇರೆಯೇ ಇದೆ, ನನ್ನ ಮಟ್ಟಿಗೆ ಈ ವಿಷಯದಲ್ಲೆಲ್ಲ ದೊಡ್ಡದು ಅದು. ಚಿಂಪಾಂಜಿಗೆ ಅತಿ ಹತ್ತಿರದ ನಂಟರು, ಅದರದೇ ಜೋಡಿಯಾದ ಬೊನೊಬೊ ಬಿಟ್ಟರೆ, ಗೊರಿಲ್ಲಾಗಳಲ್ಲ, ನಾವು. ಮೈತುಂಬ ಕೂದಲು, ಮುಂಗೈ ಗೆಣ್ಣೂರಿ ನಡೆಯುವ ಎರಡು ಪ್ರಾಣಿಗಳನ್ನು ನೋಡಿದರೆ ಅವೆರಡೇ ಹತ್ತಿರ, ನಾವು ಹೊರಗಿನವರು ಎನಿಸುತ್ತದೆ. ಗೊರಿಲ್ಲಾ ಕವಲು ಮೊದಲು ಒಡೆಯಿತು, ಆಮೇಲೂ ಬಹುಕಾಲ ಚಿಂಪಾಂಜಿ ಮತ್ತು ನಾವು ಒಂದೇ ವಂಶವಾಗಿ ಬಾಳಿದೆವು ಎನ್ನುತ್ತದೆ ಡಿಎನ್‌ಎ.

ಇನ್ನೂ ನಂಬದವರಿಗೆ ನಾನು ಹೇಳುವುದು ಎರಡನೇ ವರ್ಣತಂತುವಿನ ಕಥೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ, ಅಂದರೆ 23 ಜೋಡಿ. ಈ ಎಣಿಕೆ ಖಚಿತವಾದದ್ದು 1956ರಲ್ಲಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48, ಅಂದರೆ 24 ಜೋಡಿ. ನಾವೆಲ್ಲ ಒಂದೇ ಮೂಲದವರಾದರೆ ನಮ್ಮ ಒಂದು ಜೋಡಿ ಎಲ್ಲಿ ಹೋಯಿತು? ಇಡೀ ವರ್ಣತಂತುವೇ ಕಳೆದುಹೋದರೆ ಪ್ರಾಣಿ ಬದುಕುವುದಿಲ್ಲ. ಉಳಿದ ದಾರಿ ಒಂದೇ, ಎರಡು ವರ್ಣತಂತುಗಳು ತುದಿಗೆ ತುದಿ ಅಂಟಿ ಒಂದಾಗಿರಬೇಕು. ಹಾಗೆ ಆಗಿದ್ದರೆ ಗುರುತು ಉಳಿದಿರಬೇಕು. ಪ್ರತಿ ವರ್ಣತಂತುವಿನ ತುದಿಯಲ್ಲಿ ಒಂದೇ ಆರು ಅಕ್ಷರಗಳು ಮತ್ತೆ ಮತ್ತೆ ಬರುವ ಒಂದು ಕೊನೆಪಟ್ಟಿ ಇರುತ್ತದೆ, ಅದಕ್ಕೆ ಟೆಲೊಮಿಯರ್ ಎನ್ನುತ್ತಾರೆ. ತುದಿಯಲ್ಲಿ ಮಾತ್ರ ಇರಬೇಕಾದ ಆ ಪಟ್ಟಿ ನಮ್ಮ ಯಾವುದೋ ವರ್ಣತಂತುವಿನ ಒಳಗಡೆ, ಎದುರುಬದುರಾಗಿ ಸಿಗಬೇಕು. ಕೋಶ ಒಡೆಯುವಾಗ ಹಿಡಿದೆಳೆಯಲು ಇರುವ ಸೆಂಟ್ರೊಮಿಯರ್ ಎಂಬ ಗಂಟು ಒಂದರ ಬದಲು ಎರಡು ಇರಬೇಕು, ಅದರಲ್ಲೊಂದು ಕೆಲಸ ನಿಲ್ಲಿಸಿರಬೇಕು. 1991ರಲ್ಲಿ ನಮ್ಮ ಎರಡನೇ ವರ್ಣತಂತುವಿನಲ್ಲಿ ಆ ಎದುರುಬದುರು ಪಟ್ಟಿ ಸಿಕ್ಕೇಬಿಟ್ಟಿತು. ಕೆಲಸ ನಿಲ್ಲಿಸಿದ ಗಂಟಿನ ಅವಶೇಷವೂ ಇದ್ದಲ್ಲೇ ಇದೆ. ಚಿಂಪಾಂಜಿಯಲ್ಲಿ ಬೇರೆಬೇರೆಯಾಗಿರುವ ಎರಡು ವರ್ಣತಂತುಗಳ ವಂಶವಾಹಿಗಳು ನಮ್ಮ ಈ ಒಂದರಲ್ಲಿ ಸಾಲಾಗಿ ಕೂತಿವೆ. ಈ ಬೆಸುಗೆಯ ಗುರುತು ನಮ್ಮ ಮೈಯ ಕೋಶಕೋಶದಲ್ಲೂ ಇದೆ.

ಇಂಥ ಗುರುತುಗಳು ಇನ್ನೂ ಹಲವು. ಆಡು, ಹಸು, ನಾಯಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಾವು ನೆಲ್ಲಿಕಾಯಿ, ನಿಂಬೆಹಣ್ಣು ತಿನ್ನಬೇಕು, ಏಕೆಂದರೆ ಆ ಕೆಲಸದ ವಂಶವಾಹಿ ನಮ್ಮಲ್ಲಿ ಕೆಟ್ಟುಹೋಗಿದೆ. ಮಂಗಗಳಲ್ಲೂ ಬಾಲವಿಲ್ಲದ ವಾನರಗಳಲ್ಲೂ ಅದೇ ವಂಶವಾಹಿ ಕೆಟ್ಟಿದೆ. ತಾಯಿಯ ಹೊಟ್ಟೆಯಲ್ಲಿ ಮೊದಲ ಎರಡು ತಿಂಗಳೊಳಗೆ ನಮಗೆಲ್ಲ ಒಂದು ಪುಟ್ಟ ಬಾಲ ಬಂದು ಕರಗಿಹೋಗುತ್ತದೆ, ಬೆನ್ನುಮೂಳೆಯ ಕೊನೆಯ ಸಣ್ಣ ಎಲುಬು ಅದರ ಉಳಿಕೆ. ಬಾಲ ಹೋದದ್ದು ಹೇಗೆ ಎಂಬುದಕ್ಕೂ 2024ರಲ್ಲಿ ಒಂದು ಉತ್ತರ ಪ್ರಕಟವಾಯಿತು: ಟಿಬಿಎಕ್ಸ್‌ಟಿ ಎಂಬ ವಂಶವಾಹಿಯೊಳಗೆ ಡಿಎನ್‌ಎಯ ಒಂದು ಚೂರು ಹೊಸದಾಗಿ ಬಂದು ಸೇರಿದ್ದು. ಅದು ಬಾಲವಿಲ್ಲದ ವಾನರಗಳಲ್ಲೂ ನಮ್ಮಲ್ಲೂ ಇದೆ, ಬಾಲದ ಮಂಗಗಳಲ್ಲಿ ಇಲ್ಲ. ಇಲಿಗಳಲ್ಲಿ ಅದೇ ಪರಿಣಾಮ ಉಂಟುಮಾಡಿದಾಗ ಮೋಟು ಬಾಲದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ಹಾಗಾದರೆ ನಮ್ಮ ಕವಲು ಬೇರೆಯಾದ ಮೇಲೆ ಆದದ್ದೇನು? ಮೊದಲು ಮಿದುಳು ಬೆಳೆಯಿತು, ಬುದ್ಧಿ ಬಂದ ಮೇಲೆ ಎದ್ದು ನಿಂತೆವು ಎಂದು ಬಹಳ ಕಾಲ ನಂಬಿದ್ದರು. ಆಫ್ರಿಕದ ಮಣ್ಣು ಅದನ್ನು ತಲೆಕೆಳಗು ಮಾಡಿತು. ಗೊರಿಲ್ಲಾ ಮತ್ತು ಚಿಂಪಾಂಜಿಗಳು ಇರುವ ಆಫ್ರಿಕದಲ್ಲೇ ನಮ್ಮ ಪೂರ್ವಜರೂ ಇದ್ದಿರಬೇಕು ಎಂದು ಡಾರ್ವಿನ್ 1871ರಲ್ಲೇ ಬರೆದಿದ್ದರು, ಆಗಿನ್ನೂ ಅಲ್ಲಿ ಅಂಥ ಒಂದು ಎಲುಬೂ ಸಿಕ್ಕಿರಲಿಲ್ಲ. 1974ರ ನವೆಂಬರಿನಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ಅವರ ತಂಡಕ್ಕೆ ಸುಮಾರು 32 ಲಕ್ಷ ವರ್ಷ ಹಳೆಯ ಅಸ್ಥಿಪಂಜರ ಸಿಕ್ಕಿತು, ಹೆಸರು ಲೂಸಿ. ಮೂರೂವರೆ ಅಡಿ ಎತ್ತರ. ಸೊಂಟ ಮತ್ತು ಮಂಡಿ ಎರಡು ಕಾಲಲ್ಲಿ ನಡೆಯುವವಳದ್ದು, ಆದರೆ ಅವಳ ಜಾತಿಯ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ಕೆಲವೇ ವರ್ಷಗಳ ಬಳಿಕ ಟಾಂಜಾನಿಯಾದ ಲೇಟೊಲಿಯಲ್ಲಿ ಮೇರಿ ಲೀಕಿ ಅವರ ತಂಡ ಜ್ವಾಲಾಮುಖಿಯ ಬೂದಿಯಲ್ಲಿ ಅಚ್ಚೊತ್ತಿದ ಹೆಜ್ಜೆಗಳನ್ನು ಕಂಡಿತು, 36 ಲಕ್ಷ ವರ್ಷಗಳ ಹಿಂದೆ ಜೊತೆಜೊತೆಯಾಗಿ ನಡೆದುಹೋದವರ ಹೆಜ್ಜೆಗಳು. ಅಂದರೆ ನಾವು ಮೊದಲು ನಡೆದೆವು, ಮಿದುಳು ದೊಡ್ಡದಾದದ್ದು ಬಹಳ ತಡವಾಗಿ. ಈ ಹುಡುಕಾಟಗಳ ರೋಚಕತೆಯನ್ನು ಕನ್ನಡದಲ್ಲೇ ಓದಬೇಕೆನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಇದೆ, ಹುಡುಕಿ ಓದಿ.

ಪತ್ರಗಳಲ್ಲಿ ಮತ್ತೊಂದು ಮಾತು ಬರುತ್ತದೆ: ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂದು ನಮ್ಮ ದಶಾವತಾರ ಇದನ್ನೇ ಹೇಳಿಲ್ಲವೇ? ಆ ಕಥೆಗಳು ನನಗೂ ಪ್ರೀತಿಯವು, ಅವು ಹೇಳುವುದು ಧರ್ಮದ ಮಾತು. ಅಲ್ಲಿ ಯಾರಿಂದ ಯಾರು ಹುಟ್ಟಿದರು ಎಂಬ ವಂಶಾವಳಿ ಇಲ್ಲ, ಕವಲುಗಳೂ ಇಲ್ಲ. ವಿಕಾಸದ ಕಥೆಯ ಜೀವವೇ ಕವಲು. ಒಂದರ ಮೇಲೆ ಇನ್ನೊಂದನ್ನು ಹೊರಿಸಿದರೆ ಎರಡಕ್ಕೂ ಅನ್ಯಾಯ. ಮನುಷ್ಯನ ಘನತೆಗೆ ಕುಂದು ಬಂತು ಎಂದು ನೊಂದುಕೊಳ್ಳುವವರೂ ಇದ್ದಾರೆ. ನನಗೆ ಹಾಗೆ ಅನಿಸಿಲ್ಲ. ಚಿಂಪಾಂಜಿ ತಾಯಿ ಮರಿಯನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ಸಾಕುತ್ತಾಳೆ. ಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿಯುವುದನ್ನು ಜೇನ್ ಗುಡಾಲ್ 1960ರಲ್ಲೇ ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಕಂಡು ಬರೆದರು. ಅಂಥ ಪ್ರಾಣಿಯ ನಂಟಸ್ತನ ಅವಮಾನ ಹೇಗಾದೀತು?

2018ರಲ್ಲಿ ಆಗಿನ ಕೇಂದ್ರ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ತಳ್ಳಿಹಾಕಿದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಬಹಿರಂಗ ಪತ್ರ ಬರೆದರು. ವಿಷಯ ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಎಂದು ಸಮಾಧಾನ ಹೇಳುತ್ತಾರೆ. ಹತ್ತರ ನಂತರ ವಾಣಿಜ್ಯ, ಕಲೆ, ಐಟಿಐ ಎಂದು ಹೋಗುವ ಮಕ್ಕಳು ಹನ್ನೆರಡನೇ ತರಗತಿಯ ಜೀವವಿಜ್ಞಾನ ಪುಸ್ತಕವನ್ನು ತೆರೆಯುವುದೇ ಇಲ್ಲ. ತಾವು ಯಾರು ಎಂಬುದನ್ನು ತಿಳಿಯದೆಯೇ ಅವರು ಶಾಲೆ ಬಿಡುತ್ತಾರೆ, ಇದು ತಪ್ಪು. ಹೈಸ್ಕೂಲಿನ ವಿಜ್ಞಾನ ಮೇಷ್ಟರಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪುಸ್ತಕದಲ್ಲಿ ಇರಲಿ, ಇಲ್ಲದಿರಲಿ, ವರ್ಷಕ್ಕೆ ಒಂದು ಪೀರಿಯಡ್ ಇದಕ್ಕೆ ಕೊಡಿ. ಎರಡನೇ ವರ್ಣತಂತುವಿನ ಕಥೆ ಹೇಳಲು ಪ್ರಯೋಗಾಲಯ ಬೇಡ, ಕರಿಹಲಗೆ ಮತ್ತು ಎರಡು ಬಣ್ಣದ ಸೀಮೆಸುಣ್ಣ ಸಾಕು.